ಶಾಸ್ತ್ರೀಯ ಕಲಿತರೆ ಉಳಿದದ್ದೆಲ್ಲ ತಾನಾಗಿ ಬರುತ್ತಾ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಸಿನಿಮಾ ಹಾಡು, ಜನಪದ ಗೀತೆ ಎರಡನ್ನೂ ಚೆನ್ನಾಗಿ ಹಾಡುತ್ತಾಳೆ. "ಮೊದಲು ಐದಾರು ವರ್ಷ ಶಾಸ್ತ್ರೀಯ ಕಲಿಸಿ, ಅದೇ ಬೇಸ್, ಆಮೇಲೆ ಯಾವ ಹಾಡು ಬೇಕಾದರೂ ಹಾಡಬಹುದು" ಎಂದು ಎಲ್ಲರೂ ಹೇಳುತ್ತಾರೆ. ನಿಜವಾದ ಪ್ರತಿಭೆ ಗೊತ್ತಾಗುವುದು ಶಾಸ್ತ್ರೀಯದಲ್ಲೇ ಅಂತೆ. ಹೌದಾ? (ಮಂಡ್ಯದಿಂದ ಒಬ್ಬ ತಾಯಿ)

ಉತ್ತರ: ಅವಳಿಗೆ ಇಷ್ಟವಿದ್ದರೆ ಖಂಡಿತ ಕಲಿಸಿ. ಆದರೆ ಉಳಿದದ್ದು ತಾನಾಗಿ ಬರುವುದಿಲ್ಲ. ಪ್ರತಿಭೆ ಅಲ್ಲಿ ಮಾತ್ರ ಗೊತ್ತಾಗುತ್ತದೆ ಎನ್ನುವುದೂ ತಪ್ಪು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ 22 ವರ್ಷದಿಂದ ಕರ್ನಾಟಕ ಸಂಗೀತ ಪಾಠ ಹೇಳುತ್ತಿದ್ದೇನೆ. ಹೊಸದಾಗಿ ಮಗುವನ್ನು ಕರೆದುಕೊಂಡು ಬರುವವರು ಬಾಗಿಲಲ್ಲೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ದಸರಾ ಬಂದರೆ ಮುಗಿಯಿತು. ಅರಮನೆ ಮುಂದೆ ಕಛೇರಿ ಕೇಳಿ ಬಂದವರು ಒಂದು ಕಡೆ, ಯುವ ದಸರಾಕ್ಕೆ ಹೋಗಿ ಬಂದ ಅವರ ಮಕ್ಕಳು ಇನ್ನೊಂದು ಕಡೆ. "ಅದೆಲ್ಲ ಸಂಗೀತಾನಾ, ನೀವೇ ಹೇಳಿ ಮೇಡಂ" ಅಂತ ನನ್ನನ್ನು ನಡುವೆ ನಿಲ್ಲಿಸುತ್ತಾರೆ. ಕರ್ನಾಟಕ ಸಂಗೀತದ ಟೀಚರ್ ಅಲ್ವಾ, ತಮ್ಮ ಪರವಾಗಿಯೇ ಮಾತಾಡುತ್ತೇನೆ ಎಂಬ ನಂಬಿಕೆ. ನಾನು ಮಾತಾಡುವುದಿಲ್ಲ.

ಈ "ಬೇಸ್" ಎನ್ನುವ ಮಾತನ್ನು ಇವತ್ತು ಸ್ವಲ್ಪ ವಿವರವಾಗಿಯೇ ನೋಡೋಣ.

ನನ್ನ ಹತ್ತಿರ 8 ವರ್ಷ ಕಲಿತ ಹುಡುಗಿಯೊಬ್ಬಳಿದ್ದಳು. ಸರಳೆಯಿಂದ ಶುರು ಮಾಡಿ ವರ್ಣ, ಕೃತಿ ಎಲ್ಲ ಆಗಿತ್ತು. ಸೀನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ವರ್ಣವನ್ನು ಎರಡು ಕಾಲದಲ್ಲಿ ತಾಳ ತಪ್ಪದೆ ಹಾಡುತ್ತಿದ್ದಳು. ಕಾಲೇಜಿನಲ್ಲಿ ಭಾವಗೀತೆ ಸ್ಪರ್ಧೆ ಬಂತು. "ಭಾವಗೀತೆ ತಾನೇ" ಅಂತ ಎರಡೇ ದಿನ ನೋಡಿಕೊಂಡು ಹೋದಳು. ನಾನು ಸಭೆಯಲ್ಲಿ ಕೂತಿದ್ದೆ. ಶ್ರುತಿ ಬಿಗಿಯಾಗಿತ್ತು, ಕಂಠ ಚೆನ್ನಾಗಿತ್ತು. ಆದರೆ ಹಾಡು ಅರ್ಥವೇ ಆಗಲಿಲ್ಲ. "ಬಳೆ" ಎಂದಿದ್ದ ಕಡೆ ಗಮಕ ಕೊಟ್ಟು, ಅಂದರೆ ಸ್ವರವನ್ನು ತೂಗಿಸಿ ಜಾರಿಸಿ, ಎಳೆದಳು, "ಬಾಳೆ" ಎಂದು ಕೇಳಿಸಿತು. "ಕರು" ಹೋಗಿ "ಕಾರು" ಆಯಿತು. ಅವಳಿಗೆ ಬಹುಮಾನ ಬರಲಿಲ್ಲ. ಬಂದದ್ದು ಒಬ್ಬ ಹುಡುಗನಿಗೆ. ಅವನಿಗೆ ರಾಗದ ಹೆಸರು ಕೂಡ ಗೊತ್ತಿರಲಿಲ್ಲ. ಅವನು ಹಾಡಿದ ಒಂದೊಂದು ಅಕ್ಷರವೂ ಕೊನೆಯ ಸಾಲಿನ ಬೆಂಚಿನವರೆಗೆ ತಲುಪಿತು.

ಮನೆಗೆ ಬಂದು ಅವಳು ಅತ್ತಳು. ತೀರ್ಪುಗಾರರಿಗೆ ಸಂಗೀತ ಗೊತ್ತಿಲ್ಲ ಅಂದಳು. ಅವತ್ತು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೃತಿಯಲ್ಲಿ ನಾವು ಒಂದು ಅಕ್ಷರವನ್ನು ಎಷ್ಟು ಬೇಕಾದರೂ ಎಳೆಯಬಹುದು. ರಾಗ ಬೆಳೆಯುವುದೇ ಆ ಎಳೆತದಲ್ಲಿ. ಕೇಳುವವರೂ ರಾಗವನ್ನೇ ಹಿಡಿದು ಹೋಗುತ್ತಾರೆ. ಎಷ್ಟೋ ಕೃತಿಗಳ ಸಾಹಿತ್ಯ ತೆಲುಗಿನಲ್ಲಿದೆ, ಸಂಸ್ಕೃತದಲ್ಲಿದೆ. ಅರ್ಥ ಆಗದಿದ್ದರೂ ನಮ್ಮವರು ತಲೆದೂಗುತ್ತಾರೆ. ಭಾವಗೀತೆ ಹಾಗಲ್ಲ. ಅಲ್ಲಿ ಕವಿಯ ಮಾತು ಮೊದಲು. ಹ್ರಸ್ವ ಹ್ರಸ್ವವಾಗಿಯೇ ಇರಬೇಕು. 8 ವರ್ಷ ಯಾವುದನ್ನು ಗುಣ ಅಂತ ಬೆಳೆಸಿದ್ದೆನೋ ಅದೇ ಅಲ್ಲಿ ತಪ್ಪಾಯಿತು. ಅವಳಿಗೆ ಬೇರೆಯದೇ ಅಭ್ಯಾಸ ಬೇಕಿತ್ತು, ಮಾಡಿರಲಿಲ್ಲ. ಅಷ್ಟೇ.

ಆಕಾಶವಾಣಿಯವರಿಗೆ ಇದು ಮೊದಲಿನಿಂದ ಗೊತ್ತು. ಯಾದವಗಿರಿಯ ನಮ್ಮ ಮೈಸೂರು ನಿಲಯವನ್ನೇ ತಗೊಳ್ಳಿ. ಶಾಸ್ತ್ರೀಯಕ್ಕೆ ಒಂದು ಆಡಿಷನ್, ಸುಗಮ ಸಂಗೀತಕ್ಕೆ ಇನ್ನೊಂದು, ಜಾನಪದಕ್ಕೆ ಮತ್ತೊಂದು. ಶಾಸ್ತ್ರೀಯದಲ್ಲಿ ಗ್ರೇಡ್ ಬಂದಿದೆ ಅಂತ ಸುಗಮದಲ್ಲಿ ಸುಮ್ನೆ ಕೊಟ್ಟುಬಿಡುವುದಿಲ್ಲ. ಅದಕ್ಕೂ ಹೋಗಿ ಹಾಡಿ ತೋರಿಸಬೇಕು.

ಜನಪದದ ವಿಷಯದಲ್ಲಿ ಈ ಸುಳ್ಳು ಇನ್ನೂ ಗಟ್ಟಿ. "ಅವರಿಗೇನು, ಹುಟ್ಟಿನಿಂದಲೇ ಬಂದಿರುತ್ತೆ, ಗಂಟಲು ಬಿಟ್ಟು ಹಾಡ್ತಾರೆ" ಎನ್ನುತ್ತಾರೆ. ಹೊಗಳಿಕೆ ಅಂದುಕೊಂಡೇ ಹೇಳುತ್ತಾರೆ. ನನಗೆ ಕೋಪ ಬರುತ್ತದೆ.

ನಾನು ಮಳವಳ್ಳಿ ತಾಲ್ಲೂಕಿನವಳು. ಎಂ.ಎ. ಓದುವಾಗ ರಜೆಯಲ್ಲಿ ಬೊಪ್ಪೇಗೌಡನಪುರದ ಕಡೆ ಒಬ್ಬ ನೀಲಗಾರರ ಹತ್ತಿರ ಹೋಗಿ ಕೂತಿದ್ದೆ. ಮಂಟೇಸ್ವಾಮಿ ಕಥೆ ಹಾಡುವವರು. ಬಲಗೈಯಲ್ಲಿ ತಂಬೂರಿ, ಬೆರಳಿಗೆ ಗಗ್ಗರ. ಹಿಂದೆ ಡಕ್ಕಿಯವರು, ತಾಳದವರು. ಅವರು ಒಂದು ಸಾಲು ಹೇಳಿಕೊಟ್ಟರು. ನಾಲ್ಕೇ ಸ್ವರ. ನನಗೆ ಕ್ಷಣದಲ್ಲಿ ಬಂತು. ಸ್ವರ ಹಾಕಿ ಬರೆದೂ ಇಟ್ಟುಕೊಂಡೆ. ಹಾಡಿದೆ. ಅವರು ತಂಬೂರಿ ಕೆಳಗಿಟ್ಟು, "ಚೆಂದಾಗಿ ಆಡ್ತೀಯ ಕಣವ್ವ, ಕತೆ ಏಳ್ತಿಲ್ಲ" ಅಂದರು.

ಆಮೇಲೆ ಅವರು ಅದೇ ಸಾಲು ಹಾಡಿದ್ದನ್ನು ಹತ್ತಿರದಿಂದ ನೋಡಿದೆ. ಸಾಲಿನ ಅರ್ಧದವರೆಗೆ ಹಾಡು. ಅಲ್ಲಿಂದ ಮಾತು. ಎಲ್ಲಿ ಹಾಡು ನಿಂತಿತು, ಎಲ್ಲಿ ಮಾತು ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ತಂಬೂರಿ ಮಾತ್ರ ನಿಲ್ಲುವುದಿಲ್ಲ. ಮಾತು ಮುಗಿಯುವ ಕೊನೆಯ ಅಕ್ಷರಕ್ಕೆ ಸರಿಯಾಗಿ ಶ್ರುತಿಗೆ ಬಂದು ಕೂರುತ್ತಿದ್ದರು. ಆ ಅಕ್ಷರ ಬಾಯಿಂದ ಪೂರ್ತಿ ಹೊರಗೆ ಬರುವ ಮೊದಲೇ ಹಿಮ್ಮೇಳದವರು ಎತ್ತಿಕೊಳ್ಳುತ್ತಿದ್ದರು. ಆ ಎತ್ತುಗಡೆಯೊಳಗೆ ಇವರು ಉಸಿರು ತೆಗೆದುಕೊಳ್ಳಬೇಕು. ಹೀಗೆ ರಾತ್ರಿಯಿಡೀ. ಪುಸ್ತಕ ಇಲ್ಲ, ಚೀಟಿ ಇಲ್ಲ. ಎದುರಿಗೆ ಕೂತ ಜನ ನೋಡಿ ಒಂದು ಭಾಗ ಹಿಗ್ಗಿಸುತ್ತಾರೆ, ಇನ್ನೊಂದು ಕುಗ್ಗಿಸುತ್ತಾರೆ. ನಾನು ಬರೆದುಕೊಂಡ ಸ್ವರಗಳಲ್ಲಿ ಇದು ಯಾವುದೂ ಇರಲಿಲ್ಲ.

ಇದು ಹುಟ್ಟಿನಿಂದ ಬರುತ್ತದಾ? ನೀಲಗಾರರು ಗುರುವಿನಿಂದ ದೀಕ್ಷೆ ಪಡೆಯುತ್ತಾರೆ. ಹಿರಿಯರ ಹಿಂದೆ ವರ್ಷಗಟ್ಟಲೆ ಹಿಮ್ಮೇಳ ಹಾಡಿ ಕಲಿಯುತ್ತಾರೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರೂ ಅಷ್ಟೇ. ಕಂಸಾಳೆಯಲ್ಲಿ ಬಟ್ಟಲಿನಂಥದ್ದು ಎಡಗೈಯಲ್ಲಿ, ಚಪ್ಪಟೆಯದ್ದು ಬಲಗೈಯಲ್ಲಿ. ಬೀಸುತ್ತಾ, ಬಾಗುತ್ತಾ, ಕುಣಿಯುತ್ತಾ ಹಾಡುವಾಗ ಧ್ವನಿ ಅಲುಗಬಾರದು. ನನ್ನ ಶಿಷ್ಯರನ್ನು ನಿಂತುಕೊಂಡು ಹಾಡಿ ಅಂದರೆ ಅರ್ಧ ಜನಕ್ಕೆ ಉಸಿರು ತಪ್ಪುತ್ತದೆ. ಅವರದ್ದು ಅಭ್ಯಾಸ ಅಲ್ಲ, ನಮ್ಮದು ಮಾತ್ರ ಅಭ್ಯಾಸ ಅಂತ ಯಾವ ಬಾಯಲ್ಲಿ ಹೇಳುವುದು?

ಮೈಕಿನ ವಿಷಯವನ್ನೂ ಯಾರೂ ಯೋಚಿಸುವುದಿಲ್ಲ. ನಮ್ಮ ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ 7 ತಂತಿ ಹಾಕಿಕೊಂಡದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನವರಿಗೂ ನಾದ ಕೇಳಿಸಲಿ ಅಂತ. ಹಾಡುವವರೂ ಹಾಗೆಯೇ ತುಂಬು ಕಂಠದಲ್ಲಿ ಹಾಡುತ್ತಿದ್ದರು. ಆ ಪಾಠವೇ ನಮಗೂ ಬಂದಿದೆ. ಸ್ಟುಡಿಯೋದಲ್ಲಿ ಮೈಕ್ ತುಟಿಯ ಮುಂದೆಯೇ ಇರುತ್ತದೆ. ಉಸಿರೆಳೆದದ್ದೂ ಕೇಳುತ್ತದೆ. ಕಿವಿಯಲ್ಲಿ ತಾಳದ ಲೆಕ್ಕ ಹಿಡಿಯುವ ಕ್ಲಿಕ್ ಟ್ರ್ಯಾಕ್ ಬಡಿಯುತ್ತಿರುತ್ತದೆ, ಅದು ಮೃದಂಗದವರ ಹಾಗೆ ನಿಮ್ಮ ಮುಖ ನೋಡಿ ಕಾಯುವುದಿಲ್ಲ. ಶ್ರುತಿಯೂ ನಿಮ್ಮದಲ್ಲ, ಸಂಗೀತ ನಿರ್ದೇಶಕರದ್ದು. ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಹಾಯಾಗಿ ಹಾಡುವ ಹುಡುಗಿ ಅಲ್ಲಿ ಮಂದ್ರದಲ್ಲಿ ಪಿಸುಗುಡಬೇಕಾಗಬಹುದು. ಅದನ್ನು ನಾವು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ.

ಇನ್ನೊಂದು ದಿಕ್ಕಿನಿಂದ ನೋಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಗುರುಗಳ ಮುಂದೆ ಕೂತು ಕ್ರಮವಾಗಿ ಶಾಸ್ತ್ರೀಯ ಕಲಿತವರಲ್ಲ. ಅದನ್ನು ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ಆದರೆ ಕನ್ನಡದಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಹಿಂದೂಸ್ತಾನಿ ಗವಾಯಿಯೊಬ್ಬರ ಜೀವನದ ಚಿತ್ರ. ಡಾ. ರಾಜ್‌ಕುಮಾರ್ ಬೆಳೆದದ್ದು ನಾಟಕ ಕಂಪನಿಯ ರಂಗಗೀತೆಯಲ್ಲಿ. 1992ರ ಚಿತ್ರಕ್ಕೆ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂದದ್ದು ತೋಡಿ ರಾಗದ ಹಾಡಿಗೆ. ಶಾಸ್ತ್ರೀಯ ಬೇಡವೇ ಬೇಡ ಅಂತ ಇದರ ಅರ್ಥವಲ್ಲ. ಇಬ್ಬರೂ ಪ್ರತಿ ಹಾಡನ್ನೂ ಹೊಸ ಪಾಠದ ಹಾಗೆ ಕಲಿಯುತ್ತಿದ್ದರು.

ನಮ್ಮ ಜಯಚಾಮರಾಜ ಒಡೆಯರ್ ಅವರಂತೂ ಕಣ್ಣ ಮುಂದಿನ ಉದಾಹರಣೆ. ಮೊದಲು ಪಾಶ್ಚಾತ್ಯ ಸಂಗೀತ. ಪಿಯಾನೊ ಕಲಿತು ಲಂಡನ್ನಿನ ಪರೀಕ್ಷೆ ಪಾಸು ಮಾಡಿದರು. ರಷ್ಯಾದ ಸಂಯೋಜಕ ಮೆಟ್ನರ್ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಇಲ್ಲಿಂದ ಹಣ ಕೊಟ್ಟರು. ಅಷ್ಟು ಗೊತ್ತಿದ್ದರೂ ಕರ್ನಾಟಕ ಸಂಗೀತಕ್ಕೆ ಬಂದಾಗ ಆಸ್ಥಾನ ವಿದ್ವಾಂಸರಾದ ವಾಸುದೇವಾಚಾರ್ಯರ ಬಳಿ ಕೂತು ಕಲಿತರು. ಆಮೇಲೆ 94 ಕೃತಿ ರಚಿಸಿದರು. ಒಂದು ಬಂದಿದೆ, ಇನ್ನೊಂದು ತಾನಾಗಿ ಬರುತ್ತದೆ ಅಂತ ಮಹಾರಾಜರೇ ಅಂದುಕೊಳ್ಳಲಿಲ್ಲ.

ಹಾಗಾದರೆ ಶಾಸ್ತ್ರೀಯದಿಂದ ಏನು ಸಿಗುತ್ತದೆ? ಶ್ರುತಿ ಜ್ಞಾನ ಸಿಗುತ್ತದೆ. ಲಯ ಮೈಗೆ ಹತ್ತುತ್ತದೆ. ಕೇಳಿದ್ದನ್ನು ಬೇಗ ಹಿಡಿಯುವ ಕಿವಿ ಬರುತ್ತದೆ. ದಿನಾ ಬೆಳಿಗ್ಗೆ ಕೂರುವ ಅಭ್ಯಾಸ ಬರುತ್ತದೆ. ಇವೆಲ್ಲ ದೊಡ್ಡ ಆಸ್ತಿ, ನನ್ನ ಬದುಕೇ ಅದರ ಮೇಲೆ ನಿಂತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಂಗೀತವೇ ಸಿಗುತ್ತದೆ. ಒಂದು ತೋಡಿಯನ್ನು ಮುಕ್ಕಾಲು ಗಂಟೆ ಕೂತು ಕೇಳಿ ಕಣ್ಣು ಒದ್ದೆಯಾಗುವ ಸುಖ ಸಿಗುತ್ತದೆ. ಸಿನಿಮಾ ಹಾಡಿಗೆ ಮೆಟ್ಟಿಲು ಅಂತ ಅದನ್ನು ಕಲಿಸಬೇಡಿ. ಮಗು ಮೆಟ್ಟಿಲನ್ನು ಬೇಗ ದಾಟಲು ನೋಡುತ್ತದೆ, ಒಳಗೆ ಏನಿದೆ ಅಂತ ನೋಡುವುದೇ ಇಲ್ಲ.

ಪ್ರತಿಭೆ ಅಳೆಯುವ ವಿಷಯಕ್ಕೆ ಬಂದರೆ, ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಹಾಡಿನಲ್ಲಿ ಕಷ್ಟ ಎಲ್ಲಿದೆ? ಹಾಡುವವರು ಅಲ್ಲಿ ನಿಂತರಾ, ಜಾರಿದರಾ? ನನಗೆ ರ‍್ಯಾಪ್ ಇಷ್ಟವಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಮಾಡುತ್ತಾನೆ. ಅವನು ಪ್ರಾಸವನ್ನು ತಾಳದ ಪೆಟ್ಟಿಗೆ ಒಂದು ಕೂದಲೆಳೆ ಮೊದಲು ಬೀಳಿಸಿ, ಮುಂದಿನ ಸಾಲಿಗೆ ಉಸಿರು ಉಳಿಸಿಕೊಳ್ಳುವುದನ್ನು ಕೇಳಿದ್ದೇನೆ. ಅತೀತ ಎಡುಪು ಅಂತ ನಾನು ಮೂರು ವರ್ಷ ಒದ್ದಾಡಿ ಕಲಿಸುವುದು ಅದನ್ನೇ. ಅವನ ಜೊತೆಗಾರನಿಗೆ ಅದು ಬರುವುದಿಲ್ಲ, ವೇಗ ಮಾತ್ರ ಇದೆ. ಇಬ್ಬರಲ್ಲಿ ಯಾರು ಮೇಲು ಅಂತ ಹೇಳಲು ನನಗೆ ರ‍್ಯಾಪ್ ಇಷ್ಟವಾಗಬೇಕಿಲ್ಲ. ರುಚಿ ನನ್ನ ಸ್ವಂತದ್ದು. ಅದನ್ನು ತಕ್ಕಡಿ ಮಾಡಿಕೊಂಡರೆ ತೂಕ ತಪ್ಪುತ್ತದೆ.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಈಗ ಹಾಡುತ್ತಿರುವುದನ್ನು ನಿಲ್ಲಿಸಬೇಡಿ. ಶಾಸ್ತ್ರೀಯ ಪಾಠಕ್ಕೆ ಸೇರಿಸಿದರೂ "ಇನ್ನು ಐದು ವರ್ಷ ಬೇರೆ ಹಾಡಬಾರದು" ಎನ್ನುವವರ ಹತ್ತಿರ ಬೇಡ. ನಾನು ಚಿಕ್ಕವಳಿದ್ದಾಗ ಒಬ್ಬರು ಹಾಗೆ ಹೇಳಿದ್ದರು. ಸೋಬಾನೆ ಪದ ಹಾಡುತ್ತಿದ್ದ ನಮ್ಮಜ್ಜಿಯ ಪಕ್ಕ ಕೂರುವುದನ್ನೇ ಬಿಟ್ಟೆ. ನಾನು ಮತ್ತೆ ಕೇಳುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಜನಪದ ಕಲಿಯಬೇಕಾದರೆ ಜನಪದ ಹಾಡುವವರ ಹತ್ತಿರವೇ ಕಳಿಸಿ. ಮಂಡ್ಯದಲ್ಲಿ ಅವರಿಗೇನು ಬರವೇ?

ನೀವು ಕೇಳಿಲ್ಲ, ಆದರೂ ಹಾರ್ಮೋನಿಯಂ ಬಗ್ಗೆ ಒಂದು ಮಾತು. ಮುಂದಿನ ಪತ್ರದಲ್ಲಿ ಬಂದೇ ಬರುತ್ತದೆ. "ಹಾರ್ಮೋನಿಯಂ ಹಿಡಿದು ಕಲಿತರೆ ಶ್ರುತಿ ಕೆಡುತ್ತದಂತೆ" ಎನ್ನುವ ಮಾತು. ಇದರ ಹಿಂದೆ ನಿಜವಾದ ಕಾರಣವಿದೆ. ಆ ಪೆಟ್ಟಿಗೆಯಲ್ಲಿ ಒಂದು ಸ್ಥಾಯಿಗೆ 12 ಮನೆ, ಎಲ್ಲ ಸಮ ಅಂತರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ. ಹಾಗಾಗಿ ನಮ್ಮ ಗಮಕ ಅದರಲ್ಲಿ ಹೊರಡುವುದಿಲ್ಲ. 1940ರಲ್ಲಿ ರೇಡಿಯೋದವರು ಅದನ್ನು ನಿಷೇಧಿಸಿಯೇಬಿಟ್ಟರು. 1971ರವರೆಗೂ ಆ ನಿಷೇಧ ಇತ್ತು.

ಆದರೆ ಗಮಕ ಬರುವುದಿಲ್ಲ ಅಂತ ಆ ವಾದ್ಯ ನುಡಿಸುವವರನ್ನು ಕಡೆಗಣಿಸುವುದು ಮತ್ತೆ ಅದೇ ತಪ್ಪು. ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ನಿಮಗೆ ಗೊತ್ತಿರುವುದೇ. ಪಾತ್ರಕ್ಕೆ ದುಡ್ಡು ಕೊಟ್ಟು, ಎರಡು ಮೂರು ತಿಂಗಳು ರಾತ್ರಿ ತಾಲೀಮು ಮಾಡುತ್ತಾರೆ. ನನ್ನ ಸೋದರಮಾವ ಕಬ್ಬು ಬೆಳೆಯುವವರು, ದುರ್ಯೋಧನನ ಪಾತ್ರ. ಒಂದು ವರ್ಷ ನಾಟಕದ ದಿನವೇ ಅವರ ಗಂಟಲು ಕಟ್ಟಿತ್ತು. ಗದೆ ಹೆಗಲಿಗೇರಿಸಿ ಬಂದು ಕಂದಪದ್ಯ ಎತ್ತಿದರು. ತಾಲೀಮಿನ ಶ್ರುತಿಗಿಂತ ಒಂದು ಮನೆ ಕೆಳಗೆ ಬಿತ್ತು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಹಾರ್ಮೋನಿಯಂ ಮೇಷ್ಟ್ರು ತಲೆ ಕೂಡ ಎತ್ತಲಿಲ್ಲ. ಎಡಗೈ ತಿದಿ ಒತ್ತುತ್ತಲೇ ಇತ್ತು. ಬಲಗೈ ಒಂದು ಕ್ಷಣ ಗಾಳಿಯಲ್ಲಿ ನಿಂತು, ಒಂದು ಮನೆ ಕೆಳಗಿಳಿದು ಕೂತಿತು. ಮಾವ ಎರಡನೇ ಸಾಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಅವರಿಗಾಗಿ ಅಲ್ಲಿ ಕಾಯುತ್ತಿತ್ತು. ಎದುರಿಗೆ ಕೂತ ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.