ಯಂತ್ರಕ್ಕೆ ಯಂತ್ರ ಹುಟ್ಟುತ್ತದಾ?

ಪ್ರಶ್ನೆ: ತನ್ನಂಥದ್ದೇ ಇನ್ನೊಂದು ಪ್ರಿಂಟರನ್ನು ತಾನೇ ಮಾಡುವ 3ಡಿ ಪ್ರಿಂಟರ್ ಇದೆಯಂತೆ, ನಿಜವಾ? ಹಾಗಾದರೆ ಬಿಟ್ಟರೆ ಯಂತ್ರಗಳು ಹೆಚ್ಚುತ್ತಲೇ ಹೋಗುತ್ತವಲ್ವಾ?

ಉತ್ತರ: ಅರ್ಧ ನಿಜ. ಅದರ ಹೆಸರು ರೆಪ್‌ರ್ಯಾಪ್. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಶುರು ಮಾಡಿದ ಯೋಜನೆ. 2008ರಲ್ಲಿ ಅದರ 'ಡಾರ್ವಿನ್' ಮಾದರಿ ಇನ್ನೊಂದು ಡಾರ್ವಿನ್‌ಗೆ ಬೇಕಾದ ಪ್ಲಾಸ್ಟಿಕ್ ಭಾಗಗಳನ್ನು ತಾನೇ ಮಾಡಿಕೊಟ್ಟಿತು. ಆದರೆ ಮೋಟಾರು, ಸರ್ಕ್ಯೂಟ್ ಬೋರ್ಡ್, ಲೋಹದ ಸರಳು, ನಟ್ಟು ಬೋಲ್ಟು ಎಲ್ಲ ಹೊರಗಿನಿಂದ ತಂದದ್ದು. ಜೋಡಿಸಿದ್ದೂ ಮನುಷ್ಯರೇ.

ಹಾಗಂತ ಇದು ಆಗದ ಮಾತಲ್ಲ. ತತ್ವದ ಮಟ್ಟದಲ್ಲಿ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಗಣಿತಜ್ಞ ಜಾನ್ ವಾನ್ ನಾಯ್ಮನ್ 1948ರಲ್ಲೇ ಇದನ್ನು ವಿವರಿಸಿದ್ದರು. ಯಂತ್ರದೊಳಗೆ ಅದನ್ನು ಕಟ್ಟುವ ವಿವರವೆಲ್ಲ ಬರೆದ ಒಂದು ಪಟ್ಟಿ ಇರಬೇಕು. ಆ ಪಟ್ಟಿಯನ್ನು ಎರಡು ಸಲ ಬಳಸಬೇಕು. ಒಮ್ಮೆ ಅದನ್ನು ಓದಿ, ಅದರಂತೆ ಹೊಸ ಯಂತ್ರ ಕಟ್ಟಬೇಕು. ಇನ್ನೊಮ್ಮೆ, ಅರ್ಥದ ಗೊಡವೆಗೆ ಹೋಗದೆ, ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಹೊಸ ಯಂತ್ರದೊಳಗೆ ಇಡಬೇಕು. ಈ ಎರಡನೇ ಹೆಜ್ಜೆ ಬಿಟ್ಟರೆ ಮಗು ಯಂತ್ರ ಹುಟ್ಟುತ್ತದೆ, ಮೊಮ್ಮಗು ಹುಟ್ಟುವುದಿಲ್ಲ. ನಮ್ಮ ಜೀವಕೋಶದಲ್ಲಿ ಡಿಎನ್‌ಎ ಮಾಡುವುದೂ ಇದನ್ನೇ. ಆದರೆ ಡಿಎನ್‌ಎ ರಚನೆ ಗೊತ್ತಾಗಿದ್ದು 1953ರಲ್ಲಿ! ನನಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಅನಿಸುವುದು ಇದೇ.

ಕಷ್ಟ ಇರುವುದು ಬಿಡಿಭಾಗಗಳಲ್ಲಿ. 2005ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಾಡ್ ಲಿಪ್ಸನ್ ತಂಡ ಒಂದು ರೋಬಾಟ್ ತೋರಿಸಿತು. ಒಂದರ ಮೇಲೊಂದು ನಿಂತ ನಾಲ್ಕು ಘನಗಳು, ಒಂದೊಂದೂ ಸುಮಾರು 10 ಸೆಂ.ಮೀ. ಆ ಗೋಪುರ ಬಾಗಿ, ಪಕ್ಕದಲ್ಲಿಟ್ಟ ಹೊಸ ಘನವನ್ನು ಅಯಸ್ಕಾಂತದಿಂದ ಹಿಡಿದು, ತಿರುಗಿ ಇನ್ನೊಂದು ಕಡೆ ಇಡುತ್ತದೆ. ಹೊಸ ಗೋಪುರ ಅರ್ಧ ಎದ್ದ ಮೇಲೆ ಅದೂ ಕೈಜೋಡಿಸುತ್ತದೆ. ಎರಡೂವರೆ ನಿಮಿಷದಲ್ಲಿ ನಕಲು ತಯಾರು. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಪ್ರತಿ ಘನದೊಳಗೂ ಮೋಟಾರು, ಚಿಪ್ ಮೊದಲೇ ಇತ್ತು. ಘನಗಳನ್ನು ತಂದಿಟ್ಟಿದ್ದು ಮನುಷ್ಯರು. 2021ರಲ್ಲಿ ಸುದ್ದಿಯಾದ, ಕಪ್ಪೆಯ ಜೀವಕೋಶಗಳಿಂದ ಮಾಡಿದ ಕ್ಸೆನೋಬಾಟ್‌ಗಳೂ ಅಷ್ಟೇ. ಅವು ಬಿಡಿ ಕೋಶಗಳನ್ನು ಗುಡ್ಡೆ ಹಾಕುತ್ತವೆ, ಆ ಗುಡ್ಡೆಯೇ ಹೊಸ ಕ್ಸೆನೋಬಾಟ್ ಆಗುತ್ತದೆ. ತಟ್ಟೆಗೆ ಕೋಶ ಹಾಕಬೇಕಾದವರು ಮಾತ್ರ ನಾವೇ. ಕೆಲವು ಪೀಳಿಗೆ ಕಳೆದ ಮೇಲೆ ಅದೂ ನಿಲ್ಲುತ್ತದೆ.

ಹಾಗಾಗಿ ಈಗಿನ ಯಾವ ಯಂತ್ರವೂ ತಾನಾಗಿ ಹೆಚ್ಚುತ್ತಾ ಹೋಗಲಾರದು. ನಾವು ಭಾಗ ಕೊಡುವುದನ್ನು ನಿಲ್ಲಿಸಿದರೆ ಸಾಕು, ಅದೂ ನಿಲ್ಲುತ್ತದೆ. ಚಂದ್ರನ ಮಣ್ಣನ್ನೇ ಬಳಸಿ ತನ್ನನ್ನು ತಾನು ಬೆಳೆಸಿಕೊಳ್ಳುವ ಕಾರ್ಖಾನೆಯ ಬಗ್ಗೆ 1980ರಲ್ಲಿ ನಾಸಾ ಒಂದು ಅಧ್ಯಯನ ಮಾಡಿಸಿತ್ತು. ಎಲೆಕ್ಟ್ರಾನಿಕ್ಸ್‌ನಂಥ ಸೂಕ್ಷ್ಮ ಭಾಗಗಳನ್ನು ಭೂಮಿಯಿಂದಲೇ ಕಳಿಸಬೇಕಾದೀತು ಅಂತ ಅದರಲ್ಲೂ ಲೆಕ್ಕ ಹಾಕಿದ್ದರು.