ಸಭೆಯಲ್ಲಿ ಯಾರಾದರೂ ಮನಸ್ಸು ನೋಯಿಸಿದರೆ ಸುಮ್ಮನಿರಬೇಕಾ, ಹೋಗಿ ಕೇಳಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆಯೊಂದರಲ್ಲಿ (ಚರ್ಚ್‌ನಲ್ಲಿ) ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ. ಕ್ರಿಸ್‌ಮಸ್ ಕಾರ್ಯಕ್ರಮದ ಮಾತು ನಡೆಯುವಾಗ ಹಿರಿಯರೊಬ್ಬರು ಎಲ್ಲರ ಎದುರೇ "ಇದೆಲ್ಲ ನಿನ್ನ ಕೈಲಾಗಲ್ಲ, ಬೇರೆಯವರಿಗೆ ಬಿಡು" ಅಂದರು. ಕ್ಷಮಿಸಿದ್ದೇನೆ. ಆದರೆ ಅವರ ಮುಖ ನೋಡಲು ಆಗುತ್ತಿಲ್ಲ. ಪ್ರೀತಿ ಅಂದರೆ ಸುಮ್ಮನಿರೋದಾ, ಹೋಗಿ ಕೇಳೋದಾ?

ಉತ್ತರ: ಹೋಗಿ, ಸಿಸ್ಟರ್. ಹೋಗಿ ಮಾತಾಡಿ. ಮುಖ ನೋಡಲು ಆಗುತ್ತಿಲ್ಲ ಅಂತ ನೀವೇ ಬರೆದಿದ್ದೀರಲ್ಲ, ಅಲ್ಲೇ ಉತ್ತರ ಇದೆ.

ಎಲ್ಲ ಮಾತಿಗೂ ಹೋಗಿ ಕೂರಬೇಕು ಅಂತಲ್ಲ. ತಪ್ಪನ್ನು ಕಂಡೂ ಬಿಟ್ಟುಬಿಡುವುದು ಮನುಷ್ಯನಿಗೆ ಶೋಭೆ ಅನ್ನುತ್ತದೆ ಬೈಬಲಿನ ಜ್ಞಾನೋಕ್ತಿ 19:11. ಯಾರೋ ಅವಸರದಲ್ಲಿ ಗದರಿದರು, ಮುಂದಿನ ಭಾನುವಾರದ ಹೊತ್ತಿಗೆ ಮರೆತೇ ಹೋಯಿತು ಅಂದರೆ ಅದನ್ನು ಕೆದಕಬೇಡಿ. ಆದರೆ ಬಿಟ್ಟಿದ್ದೇನೆ ಅಂದುಕೊಂಡಿದ್ದು ಬಿಡದೇ ಇದ್ದರೆ? ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರಿಗೆ ಗೊತ್ತು, ಉಂಬಳ (ಜಿಗಣೆ) ಕಚ್ಚಿದ್ದು ತಿಳಿಯೋದಿಲ್ಲ, ಮನೆಗೆ ಬಂದು ಕಾಲು ನೋಡಿದಾಗಲೇ ರಕ್ತ ಕಾಣೋದು. ಬಾಯಲ್ಲಿ ಕ್ಷಮಿಸಿ ಒಳಗೆ ಉಳಿಸಿಕೊಂಡ ನೋವೂ ಹಾಗೇ.

ಮತ್ತಾಯ 18:15-17ರಲ್ಲಿ ಯೇಸು ಹೇಳಿದ್ದು ತುಂಬ ಸರಳ. ತಪ್ಪು ಮಾಡಿದವರ ಹತ್ತಿರ ನೀನೇ ಹೋಗು, ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ ಹೇಳು. ನಾವು ಮಾಡೋದು ಪೂರ್ತಿ ಉಲ್ಟಾ. ಮೊದಲು ಸಭೆಗೆಲ್ಲ ಗೊತ್ತಾಗುತ್ತದೆ, ಅದೂ ಪ್ರಾರ್ಥನಾ ವಿಷಯವಾಗಿ. "ಪ್ರಾರ್ಥನೆ ಮಾಡಿ ಬ್ರದರ್, ಆ ಹಿರಿಯರ ವಿಷಯದಲ್ಲಿ ಭಾರ ಇದೆ" ಅಂತ ಒಂದು ಫೋನ್ ಹೋದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಮುಟ್ಟಿರುತ್ತದೆ.

ಇದನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಹೊಸನಗರದ ಹತ್ತಿರ ಒಂದು ಮನೆ ಕೂಟ. ಜುಲೈ ತಿಂಗಳು. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತು ಅಂದರೆ ಕೂಗಿ ಕೂಗಿ ಸಂದೇಶ ಕೊಟ್ಟಿದ್ದೆ. ಮುಗಿದ ಮೇಲೆ ಕಾಫಿ ಕುಡಿಯುವಾಗ ಹಿರಿಯರೊಬ್ಬರು "ಇಷ್ಟುದ್ದ ಮಾತಾಡಿದರೆ ಜನ ಬರೋದು ಬಿಡ್ತಾರೆ" ಅಂದರು. ಎಲ್ಲರಿಗೂ ಕೇಳಿಸಿತು. ನಾನು ನಕ್ಕು ಸುಮ್ಮನಾದೆ. ಆಮೇಲೆ ಬಸ್ಸಿನಲ್ಲಿ ಜೊತೆಗಿದ್ದವರಿಗೆ ಹೇಳಿದೆ, ಮರುದಿನ ಇನ್ನೊಬ್ಬ ಪಾಸ್ಟರ್‌ಗೆ ಫೋನಲ್ಲಿ ಹೇಳಿದೆ, ಅವರೊಬ್ಬರನ್ನು ಬಿಟ್ಟು ಸಿಕ್ಕಿದವರಿಗೆಲ್ಲ ಹೇಳಿದೆ.

ಅವರ ಮನೆಗೆ ಹೋಗಿದ್ದು ಡಿಸೆಂಬರ್‌ನಲ್ಲಿ. ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. "ಅವತ್ತಿನ ಮಾತಿಂದ ನನಗೆ ನೋವಾಯ್ತು ಅಂಕಲ್" ಅಂದೆ. ಕೈ ನಿಂತಿತು. ಅರ್ಧ ಸುಲಿದ ಅಡಿಕೆ ಬೆರಳಲ್ಲೇ ಇತ್ತು. "ನನಗೆ ನೆನಪೇ ಇಲ್ಲ ಮಾರಾಯ್ರೆ" ಅಂದರು, ಸ್ವಲ್ಪ ಹೊತ್ತು ಬಿಟ್ಟು, "ಆದರೆ ನೀವು ಅಂದಿದ್ದು ನನಗೆ ಬಂದು ಮುಟ್ಟಿದೆ. ನಾನು ನಿಮ್ಮನ್ನ ಊರು ಬಿಡಿಸಬೇಕು ಅಂತಿದ್ದೀನಂತೆ." ನಾನು ಹಾಗೆ ಹೇಳಿರಲಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಮಾತು ಬೆಳೆದಿತ್ತು, ನಾಲ್ಕೈದು ತಿಂಗಳು ಆ ಮನುಷ್ಯ ಅದನ್ನು ಹೊತ್ತುಕೊಂಡೇ ಆರಾಧನೆಗೆ ಬರುತ್ತಿದ್ದರು. ಅವತ್ತು ಕ್ಷಮೆ ಕೇಳಿದ್ದು ನಾನು.

ನೋವು ಮಾಡಿದವರಿಗೂ ಯೇಸು ಬೇರೆ ಕೆಲಸ ಇಟ್ಟಿದ್ದಾನೆ, ಮತ್ತಾಯ 5:23-24ರಲ್ಲಿ. ಯಾರಿಗೋ ನಿನ್ನ ಮೇಲೆ ಬೇಸರ ಇದೆ ಅಂತ ಯಜ್ಞವೇದಿಯ ಮುಂದೆ ನಿಂತಾಗ ನೆನಪಾದರೂ ಸರಿ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು. ಅದನ್ನು ಗಲಿಲಾಯದಲ್ಲಿ ಹೇಳಿದ್ದು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ 100 ಕಿಲೋಮೀಟರಿಗೂ ಜಾಸ್ತಿ ದೂರ, ಶಿವಮೊಗ್ಗದಿಂದ ಆಗುಂಬೆಗೂ ಅಷ್ಟಿಲ್ಲ. ನಡೆದುಕೊಂಡು ವಾಪಸ್ ಹೋಗಬೇಕು!

ಹೋಗಿ ಮಾತಾಡಿದ ಮೇಲೂ ಸರಿಹೋಗದಿದ್ದರೆ? ಅದೂ ಆಗುತ್ತದೆ. ಮಾರ್ಕ ಎಂಬ ಜೊತೆ ಸೇವಕನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ, ಒಟ್ಟಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಮತ್ತು ಬಾರ್ನಬನ ನಡುವೆ ತೀಕ್ಷ್ಣ ವಾಗ್ವಾದವೇ ಆಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು, ಅಪೊಸ್ತಲರ ಕೃತ್ಯಗಳು 15ರಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಆದರೆ ಸೇವೆ ನಿಲ್ಲಲಿಲ್ಲ. ವರ್ಷಗಳ ಮೇಲೆ ಅದೇ ಪೌಲ ಸೆರೆಯಿಂದ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕು ಅಂತ (2 ತಿಮೊಥೆ 4:11). ಹಾಗಾಗಿ ದೂರ ಇರಬೇಕಾಗಿ ಬಂದರೂ ಅವರ ಹೆಸರು ಕೆಡಿಸಬೇಡಿ.

ಒಂದು ವಿಷಯ ಮಾತ್ರ ಬೇರೆಯೇ. ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ದೌರ್ಜನ್ಯ ಆಗಿದ್ದರೆ ಅದು ಮನಸ್ತಾಪ ಅಲ್ಲ, ಅಪರಾಧ. "ಒಬ್ಬಳೇ ಹೋಗಿ ಮಾತಾಡು, ಕ್ಷಮಿಸು" ಅಂತ ಆ ಹುಡುಗಿಗೆ ವಾಕ್ಯ ತೋರಿಸಿ ಹೇಳುವುದು ದೊಡ್ಡ ಅನ್ಯಾಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವಾದರೆ, ಅದಕ್ಕೆಂದೇ ಇರುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ನಿಮ್ಮದು ಹಾಗಿಲ್ಲ, ಸಿಸ್ಟರ್. ಭಾನುವಾರ ಆರಾಧನೆ ಮುಗಿದ ಕೂಡಲೇ ಬೇಡ, ಜನ ಇರುತ್ತಾರೆ. ಶನಿವಾರ ಫೋನ್ ಮಾಡಿ "ಅಂಕಲ್, ಸಂಜೆ ಹತ್ತು ನಿಮಿಷ ಬರಲಾ" ಅಂತ ಕೇಳಿ, ಆಂಟಿ ಮನೆಯಲ್ಲಿರುವ ಹೊತ್ತಿಗೆ ಹೋಗಿ. "ನೀವು ಯಾವಾಗಲೂ ಹೀಗೇ" ಅಂತ ಶುರುಮಾಡಬೇಡಿ. ಅವತ್ತಿನ ಒಂದು ಮಾತು, ಅದರಿಂದ ನಿಮಗೆ ಹೇಗಾಯಿತು, ಅಷ್ಟೇ ಹೇಳಿ. ಆಮೇಲೆ ಅವರು ಮಾತಾಡಲಿ, ನಡುವೆ ಬಾಯಿ ಹಾಕಬೇಡಿ. ಕಾಫಿ ಕೊಟ್ಟರೆ ಕುಡಿದೇ ಬನ್ನಿ.