ಗುಂಯ್ ನಿಂತಿತೆಂದರೆ ಕಿವಿ ಉಳಿಯಿತೆಂದಲ್ಲ

‘ಎರಡು ದಿನ ಗುಂಯ್ ಎನ್ನುತ್ತಿತ್ತು ಮೇಡಂ, ಆಮೇಲೆ ತಾನಾಗಿಯೇ ಸರಿಹೋಯಿತು.’

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪಟಾಕಿ, ಡಿಜೆ, ಜಾತ್ರೆಯ ಪೀಪಿ, ಸದ್ದು ಯಾವುದಾದರೂ ಸಮಾಧಾನ ಇದೊಂದೇ.

ಮೊನ್ನೆ ಹಾಗೆ ಹೇಳಿದವರು 2010ರ ಜೂನ್ 11ರಂದು ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಕ್ರೀಡಾಂಗಣದಲ್ಲಿ ಕುಳಿತಿದ್ದವರು. ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯ. ಮೆಕ್ಸಿಕೊ ವಿರುದ್ಧ ದಕ್ಷಿಣ ಆಫ್ರಿಕಾದ ಸಿಫಿವೆ ಶಬಲಾಲ ಗೋಲು ಹೊಡೆದಾಗ ಹಿಂದಿನ ಸಾಲಿನವನು ವುವುಝೆಲಾ ಊದಿದ್ದು ಇವರ ಬಲಗಿವಿಗೇ. ಇಷ್ಟು ವರ್ಷದ ಮೇಲೂ ಅದನ್ನು ಹೇಳುವಾಗ ಅವರ ಮುಖ ಅರಳಿತು. ನೋಡಿ ನನಗೂ ಖುಷಿಯಾಯಿತು.

ಆ ವಾದ್ಯದ ಮೇಲೆ ನನಗೆ ಸಿಟ್ಟಿಲ್ಲ. ಸುಮಾರು 65 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಕಹಳೆ. ನಮ್ಮ ಕೊಂಬಿನ ಹಾಗೆ ತುಟಿ ಅದುರಿಸಿ ಊದಬೇಕು. ಕುಡು ಎಂಬ ಪ್ರಾಣಿಯ ಕೊಂಬೇ ಅದರ ಮೂಲ ಎನ್ನುವವರಿದ್ದಾರೆ. ಅಲ್ಲಿನ ಶೆಂಬೆ ಎಂಬ ಕ್ರೈಸ್ತ ಪಂಥದವರು ಅದು ತಮ್ಮ ಆರಾಧನೆಯ ವಾದ್ಯ ಎನ್ನುತ್ತಾರೆ. ಅಲ್ಲಿನ ಕೈಝರ್ ಚೀಫ್ಸ್, ಒರ್ಲಾಂಡೊ ಪೈರೇಟ್ಸ್ ಫುಟ್‌ಬಾಲ್ ತಂಡಗಳ ಅಭಿಮಾನಿಗಳಿಗೆ ಪಂದ್ಯದ ಕಳೆಯೇ ಅದು. ನಿಷೇಧಿಸಿ ಎಂಬ ಒತ್ತಾಯಕ್ಕೆ ಆಗಿನ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಮಣಿಯದಿದ್ದದ್ದು ಸರಿ ಎಂದೇ ನನ್ನ ಅನಿಸಿಕೆ.

ಆದರೆ ಪ್ರಿಟೋರಿಯಾ ವಿಶ್ವವಿದ್ಯಾಲಯದವರು ಅಳೆದಾಗ ಕಹಳೆಯ ಬಾಯಲ್ಲಿ 131, ಎರಡು ಮೀಟರ್ ಮುಂದೆ 113 ಡೆಸಿಬೆಲ್ ಬಂದಿತ್ತು. ನಾವು ಬಳಸುವ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 113ಕ್ಕೆ ಬರುವ ಹೊತ್ತಿಗೆ ಉಳಿಯುವುದು ಮುಕ್ಕಾಲು ನಿಮಿಷ. ಪೆಟ್ಟು ಹೆಚ್ಚು ಬೀಳುವುದು ಊದುವವನಿಗಲ್ಲ, ಮುಂದೆ ಕುಳಿತವನಿಗೆ.

ಈಗ ಆ ಗುಂಯ್. ದಯವಿಟ್ಟು ನಿಧಾನವಾಗಿ ಓದಿ. ಗಾಳಿಗೆ ಮಲಗಿದ ಪೈರಿನಂತೆ ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು ದೊಡ್ಡ ಸದ್ದಿಗೆ ಬಾಗುತ್ತವೆ. ಕೆಲವು ಏಳುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಇನ್ನು ಕೆಲವು ಎದ್ದು ನಿಂತರೂ ಬೇರು ಕಡಿದಿರುತ್ತದೆ, ಅಂದರೆ ನರದ ಸಂಪರ್ಕ ತಪ್ಪಿರುತ್ತದೆ. ಇದು ಇಲಿಗಳಲ್ಲಿ ಖಚಿತವಾಗಿ ಕಂಡಿದೆ. ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಎಂಬ ಚರ್ಚೆ ಮುಗಿದಿಲ್ಲ. ಗುಂಯ್ ನಿಂತಿತೆಂದರೆ ಗುಂಯ್ ನಿಂತಿತು, ಅಷ್ಟೇ. ಒಳಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಅದು ಹೇಳುವುದಿಲ್ಲ.

ಆ ಪಂದ್ಯ ನೋಡಿ ಬಂದವರ ಶ್ರವಣ ನಕ್ಷೆಯಲ್ಲಿ 4000 ಹರ್ಟ್ಝ್ ಬಳಿ ಗೆರೆ ಹಳ್ಳಕ್ಕೆ ಇಳಿದಿತ್ತು, ಅಂದರೆ ಆ ಎತ್ತರದ ಸ್ವರ ಕೇಳುವುದು ಕಡಿಮೆಯಾಗಿತ್ತು, ಬಲಗಡೆ ಹೆಚ್ಚು. ‘ವುವುಝೆಲಾ ದಪ್ಪ ಸ್ವರದ್ದಲ್ಲವೇ?’ ಎಂದರು. ಹೌದು, ಮೂಲ ಸ್ವರ 235 ಹರ್ಟ್ಝ್ ಆಸುಪಾಸು. ಆದರೆ ಅದರ ಜೊತೆ ಮೇಲಿನ ಸ್ವರಗಳೂ ಹೊರಡುತ್ತವೆ, ಕಿವಿಯ ನಾಳ ಅವುಗಳಲ್ಲಿ ಕೆಲವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಸ, ಶ ಮುಂತಾದ ವ್ಯಂಜನಗಳು ಇರುವುದೂ ಆ ಎತ್ತರದಲ್ಲೇ. ಪಕ್ಕದಲ್ಲಿದ್ದ ಅವರ ಹೆಂಡತಿ, ‘ಸೊಪ್ಪು ತನ್ನಿ ಎಂದರೆ ಉಪ್ಪು ತರುತ್ತಾರೆ’ ಎಂದರು. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಇದೆಲ್ಲ ಆ ಒಂದು ಸಂಜೆಯಿಂದಲೇ ಆಯಿತೆಂದು ನಾನು ಹೇಳಲಾರೆ. ಇಯರ್‌ಫೋನ್ ಇದೆ, ವಯಸ್ಸಿದೆ. ಆದರೆ ಆಗಲೇ ಪರೀಕ್ಷೆ ಮಾಡಿಸಿದ್ದರೆ ಹೋಲಿಸಿ ನೋಡಲು ಒಂದು ನಕ್ಷೆಯಾದರೂ ಇರುತ್ತಿತ್ತು. ದೊಡ್ಡ ಸದ್ದಿನ ಮಾರನೆಯ ದಿನವೂ ಕಿವಿ ಕಟ್ಟಿದಂತಿದ್ದರೆ ಕಿವಿ ವೈದ್ಯರಲ್ಲಿಗೆ ಹೋಗಿ. ಔಷಧಿ ಎಲ್ಲರಿಗೂ ಫಲಿಸದು. ಫಲಿಸುವುದಿದ್ದರೆ ಮೊದಲ ದಿನಗಳಲ್ಲೇ.

ಮುಂದಿನ ಪಂದ್ಯಕ್ಕೆ ಹತ್ತಿ ಇಟ್ಟುಕೊಂಡು ಹೋಗುತ್ತೇನೆ ಎಂದರು. ಹತ್ತಿ ಸಾಲದು. ಫೋಮ್ ಇಯರ್‌ಪ್ಲಗ್ ಕೊಟ್ಟು, ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದೆ. ಮೊದಲ ಸಲ ಜಾರಿ ಬಿತ್ತು. ಎರಡನೆಯ ಸಲ ಹೆಂಡತಿಯೇ ಕಿವಿ ಎಳೆದು ಹಿಡಿದರು, ಸರಿಯಾಗಿ ಕೂತಿತು.